ದುರ್ಗೇಶನ ಮನೆಗೆ ಬಂದ ಹೊಸ ಕರ್ನಲ್

ಮನೆಯ ಕಂಪ್ಯೂಟರಿನ ಒಂದು ಸ್ಕ್ರೂವನ್ನೂ ಹೊರಗಿನವರು ಮುಟ್ಟಕೂಡದು ಎಂದು ಹೊಸನಗರದ ದುರ್ಗೇಶ್ ಶಪಥ ಮಾಡಿದ್ದ. ಅವನು ಮಾಸ್ತಿಕಟ್ಟೆ ಕಡೆಯ ವಿದ್ಯುದಾಗಾರದಲ್ಲಿ ಆಪರೇಟರ್. ಮನೆಯಷ್ಟು ಎತ್ತರದ ಟರ್ಬೈನ್ ತನ್ನ ಒಂದು ಬೆರಳಿಗೆ ತಿರುಗುತ್ತದೆ, ಒಂದು ಬೆರಳಿಗೆ ನಿಲ್ಲುತ್ತದೆ. ಮೇಜಿನ ಕೆಳಗೆ ಕೂರುವ ತಗಡಿನ ಡಬ್ಬಿ ಯಾವ ಲೆಕ್ಕ ಎಂಬುದು ಅವನ ವಾದ. ಹೆಂಡತಿ ದೀಪಶ್ರೀ ಈ ವಾದವನ್ನು ಎಷ್ಟು ಸಲ ಕೇಳಿದ್ದಳೆಂದರೆ, ಅವನು "ಟರ್" ಅನ್ನುವಷ್ಟರಲ್ಲಿ "ಬೈನ್" ಎಂದು ತಾನೇ ಮುಗಿಸಿ ಒಗ್ಗರಣೆ ಹಾಕಲು ಎದ್ದು ಹೋಗುತ್ತಿದ್ದಳು.

ಆ ಡಬ್ಬಿಯಲ್ಲಿ ಇದ್ದದ್ದು ಮಾತ್ರ ದೀಪಶ್ರೀಯ ವರ್ಷಗಟ್ಟಲೆಯ ದುಡಿಮೆ. ಅತ್ತೆ ಬೆಳ್ಳಮ್ಮ ಹಸೆ ಚಿತ್ತಾರದಲ್ಲಿ ಕೈ ಪಳಗಿದವರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅವರು ಅಕ್ಕಿಹಿಟ್ಟಿನ ಬಿಳಿ ಎಳೆ ಎಳೆಯುತ್ತಿದ್ದರೆ ನೋಡುವವರು ಉಸಿರು ಬಿಗಿಹಿಡಿದು ನಿಲ್ಲಬೇಕು. ಅತ್ತೆ ಸೊಸೆ ಇಬ್ಬರೂ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಊರೂರು ತಿರುಗಿ, ಹಳೇ ಮನೆಗಳ ಗೋಡೆಯ ಚಿತ್ತಾರವನ್ನೆಲ್ಲ ಫೋಟೋ ಹಿಡಿದು ತಂದಿದ್ದರು. ಆಮೇಲೆ ಎಷ್ಟೋ ಗೋಡೆಗಳು ಬಿದ್ದವು, ಇನ್ನೆಷ್ಟಕ್ಕೋ ಡಿಸ್ಟೆಂಪರ್ ಬಂತು. ಉಳಿದದ್ದು ಫೋಟೋ. ಬರುವ ಭಾನುವಾರ ಸಾಗರದಲ್ಲಿ ಅವುಗಳ ಪ್ರದರ್ಶನ ನಿಗದಿಯಾಗಿತ್ತು.

ಫೋಟೋ ಹೆಚ್ಚಾಗಿ ಒಂದು ಡಿಸ್ಕ್ ಸಾಲದಾದಾಗ ದುರ್ಗೇಶ್ ಇನ್ನೊಂದು ತಂದು, ವಿಂಡೋಸ್ ಬದಲು ಹಾಕಿಕೊಂಡಿದ್ದ ಲಿನಕ್ಸ್‌ನ ವಾಲ್ಯೂಮ್ ಟೂಲ್ ಬಳಸಿ ಎರಡನ್ನೂ ಬೆಸೆದು 'ವಾಲ್ಯೂಮ್' ಎಂಬ ಒಂದೇ ದೊಡ್ಡ ಕಣಜ ಮಾಡಿಟ್ಟಿದ್ದ. ಬೇರೆ ಕಡೆ ಒಂದು ನಕಲು ಇಟ್ಟುಕೊಳ್ಳೋಣ ಎಂದು ದೀಪಶ್ರೀ ಕೇಳಿದ್ದಕ್ಕೆ, ನಕಲು ಕೇಳುವುದೆಂದರೆ ಗಂಡನ ಮೇಲೆ ನಂಬಿಕೆಯಿಲ್ಲ ಎಂದ ಹಾಗೆ ಎಂದು ಬೇಜಾರು ಮಾಡಿಕೊಂಡಿದ್ದ. ಆಮೇಲೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಚೆನ್ನಾಗಿ ನಡೆಯುತ್ತಿದ್ದದ್ದೇ ಅವನಿಗೆ ತಡೆಯಲಾಗದಾಯಿತು.

ಬುಧವಾರ ರಜೆ. ತಿಂಡಿಗೆ ಕೂತವನು ಇವತ್ತು ಹೊಸ ಕರ್ನಲ್ ಹಾಕುವುದಾಗಿ ಸಾರಿದ. ಕರ್ನಲ್ ಎಂದರೆ ಕಂಪ್ಯೂಟರಿನ ಒಳಗೆ ಕೂತು ಮಿಕ್ಕಿದ್ದನ್ನೆಲ್ಲ ಆಳುವ ಮೂಲ ಪ್ರೋಗ್ರಾಂ. ಬೆಳ್ಳಮ್ಮನಿಗೆ ಗೊತ್ತಿದ್ದ ಕರ್ನಲ್ ಮಿಲಿಟರಿಯವರು. ಅವರು ಸೊಸೆಯ ಕಡೆ ತಿರುಗಿ, "ಊಟಕ್ಕೆ ಎಂತ ಮಾಡೋದು? ಮೀನು ತಿಂತಾರನಾ ಅವ್ರು?" ಎಂದು ಕೇಳಿದರು.

"ಭಾನುವಾರ ಒಂದು ಕಳೀಲಿ ಕಣ್ರೀ," ಎಂದಳು ದೀಪಶ್ರೀ. "ಆಮೇಲೆ ಕರ್ನಲ್ ಎಂತಕ್ಕೆ, ಜನರಲ್‌ನೇ ಕರ್ಕೊಂಡು ಬನ್ನಿ."

ಬೇಡ ಎಂದ ಮೇಲೆ ನಾಳೆಗೆ ಇಡುವ ಜಾಯಮಾನ ದುರ್ಗೇಶನದಲ್ಲ. ಕೈತೊಳೆದು ನೇರ ಕಂಪ್ಯೂಟರ್ ಮುಂದೆ ಕೂತ. ಸಿದ್ಧ ಕರ್ನಲ್ ತಂದು ಹಾಕುವುದು ಹೋಟೆಲ್ ಊಟ ಇದ್ದ ಹಾಗೆ, ತಾನೇ ಕಟ್ಟಬೇಕು ಎಂದುಕೊಂಡ. ಇಂಟರ್ನೆಟ್ಟಿನ ಪುಟವೊಂದು ಎರಡು ಮಾತು ಎಚ್ಚರಿಸಿತ್ತು: ಕರ್ನಲ್‌ಗೂ ವಾಲ್ಯೂಮ್ ಟೂಲ್‌ಗೂ ಹೊಂದಾಣಿಕೆ ಇರಲಿ; ಹೊಸದು ನೆಟ್ಟಗೆ ಓಡುವ ತನಕ ಹಳೇ ಕರ್ನಲ್ ತೆಗೆಯಬೇಡಿ. ಫ್ಯಾನಿನ ಡಬ್ಬಿಯ ಮೇಲಿನ ಸೂಚನೆಯನ್ನು ಓದುವಷ್ಟು ಶ್ರದ್ಧೆಯಿಂದ ಅವನು ಅದನ್ನು ಓದಿದ.

ಕರ್ನಲ್ ಒಳಗೆ ಏನೇನು ಇರಬೇಕೆಂದು ಆರಿಸಲು ಉದ್ದದ ಪಟ್ಟಿ ಬಂತು. ತನಗೆ ಬೇಡವಾದದ್ದನ್ನೆಲ್ಲ ದುರ್ಗೇಶ್ ಕಳೆ ಕಿತ್ತ ಹಾಗೆ ಕಿತ್ತ. ಜಾಯ್‌ಸ್ಟಿಕ್ ಹೋಯಿತು, ಟಿವಿ ಕಾರ್ಡ್ ಹೋಯಿತು. 'ಡಿವೈಸ್ ಮ್ಯಾಪರ್' ಎಂಬುದೊಂದು ಕಣ್ಣಿಗೆ ಬಿತ್ತು. ಹುಟ್ಟಿದಾಗಿನಿಂದ ಮೇಜಿನ ಬುಡ ಬಿಟ್ಟು ಕದಲದ ಡಬ್ಬಿಗೆ ಮ್ಯಾಪ್ ಯಾಕೆ ಎಂದು ಅದನ್ನೂ ತೆಗೆದ. ಎರಡು ಡಿಸ್ಕನ್ನು ಒಂದಾಗಿ ಹಿಡಿದಿದ್ದ ಕೊಂಡಿಯೇ ಅದು. ಅದಿಲ್ಲದ ಕರ್ನಲ್ ಮುಂದೆ ವಾಲ್ಯೂಮ್ ಟೂಲ್ ಎಷ್ಟು ಕೂಗಿದರೂ ಕೇಳುವವರಿಲ್ಲ. ಇಷ್ಟು ಸಾಲದೆ, ಹಳೇ ಕರ್ನಲ್ ಇಟ್ಟುಕೊಳ್ಳುವುದು ಹೇಡಿಗಳ ಕೆಲಸವೆಂದು ಅದನ್ನೂ ಅಳಿಸಿ, ಕಂಪ್ಯೂಟರ್ ಆರಿಸಿ, ಮತ್ತೆ ಹಾಕಿದ.

ಪರದೆ ಕಪ್ಪಾಯಿತು. ಒಂದಷ್ಟು ಬಿಳಿ ಅಕ್ಷರ ಸಾಲಾಗಿ ಬಂದು ನಿಂತವು. ಆಮೇಲೆ ಏನೂ ಇಲ್ಲ. ಚಹಾ ತಂದ ದೀಪಶ್ರೀ ಅದು ಎಂತ ಹೇಳ್ತಿದೆ ಎಂದು ವಿಚಾರಿಸಿದಳು.

"ವಾಲ್ಯೂಮ್ ಇಲ್ಲ ಅಂತಿದೆ."

"ಹಂಗಾದ್ರೆ ಸೌಂಡ್ ಜಾಸ್ತಿ ಮಾಡಿ," ಎಂದು ಲೋಟ ಇಟ್ಟು ಹೋದಳು. ಇದು ಆ ವಾಲ್ಯೂಮ್ ಅಲ್ಲ, ಕಣಜಕ್ಕೆ ಕಣಜವೇ ಕಾಣುತ್ತಿಲ್ಲ ಎಂದು ಬಿಡಿಸಿ ಹೇಳಲು ಅವನಿಗೆ ಧೈರ್ಯ ಬರಲಿಲ್ಲ.

ಸದ್ದಿಲ್ಲದೆ ಒಂದು ಡಿಸ್ಕ್ ಬಿಚ್ಚಿ ಅವಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ವಿಂಡೋಸ್‌ನ ಆ ಲ್ಯಾಪ್‌ಟಾಪ್ ಇಂಥ ಬೆಸುಗೆಯನ್ನು ಕಂಡದ್ದೇ ಇಲ್ಲ. ಡಿಸ್ಕ್ ಓದಲು ಬರುತ್ತಿಲ್ಲ, ಇದ್ದದ್ದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಬಹಳ ಮರ್ಯಾದೆಯಿಂದ ಕೇಳಿತು. ಟರ್ಬೈನ್ ತಿರುಗಿಸುವ ಬೆರಳು ಒತ್ತುವುದರಲ್ಲಿತ್ತು. ಹಿಂದಿನಿಂದ ದೀಪಶ್ರೀಯ ಕೈ ಬಂದು ವೈರನ್ನೇ ಕಿತ್ತಿತು.

ಅವಳು ಕೂಗಾಡಿದ್ದರೆ ಅವನೂ ಕೂಗಾಡುತ್ತಿದ್ದ. ಅವಳು ಮೆಲ್ಲಗೆ ಹೇಳಿದಳು: "ಕೆಳದಿ ಹತ್ರದ ಗುತ್ಯಜ್ಜಿ ಮನೆ ಗೋಡೆ ಇದ್ರಲ್ಲೇ ಇರೋದು. ಆ ಗೋಡೆನೂ ಈಗಿಲ್ಲ, ಅಜ್ಜಿನೂ ಇಲ್ಲ."

ಸಾಗರದಲ್ಲಿ ಕೃಷ್ಣಪ್ರಸಾದ್ ಅವರ ಕಂಪ್ಯೂಟರ್ ರಿಪೇರಿ ಅಂಗಡಿಗೆ ಈಗಲೇ ಒಯ್ಯಿರಿ ಎಂದಳು. ಅಂಗಡಿಯ ಮಾತು ಕೇಳಿದ್ದೇ ದುರ್ಗೇಶ್ ಸೆಟೆದು ಕೂತ. "ಬೆಸೆದಿದ್ದು ನಾನು. ಬಿಡಿಸೋದೂ ನಾನೇ. ಇದನ್ನ ಹೊತ್ಕೊಂಡು ನಾನು ಯಾರ ಅಂಗಡಿ ಮೆಟ್ಟಿಲೂ ಹತ್ತೋದಿಲ್ಲ."

ಡ್ರಾಯರ್ ಮೂಲೆಯಲ್ಲಿ ಹಳೆಯದೊಂದು ಲಿನಕ್ಸ್ ಪೆನ್‌ಡ್ರೈವ್ ಇತ್ತು. ಡಿಸ್ಕನ್ನು ಮತ್ತೆ ಜೋಡಿಸಿ, ಆ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿದ. ಶುರುವಾಯಿತೇನೋ ಹೌದು. ಆದರೆ ಡಿಸ್ಕ್‌ಗಳನ್ನು ಬೆಸೆಯುವಾಗ ದುರ್ಗೇಶ್ ಹೊಚ್ಚಹೊಸ ಟೂಲ್ ಬಳಸಿ, ಅದರಲ್ಲಿದ್ದ ಹೊಸ ಸೌಕರ್ಯವನ್ನೆಲ್ಲ ತುರುಕಿದ್ದ. ಪೆನ್‌ಡ್ರೈವ್‌ನ ಮುದಿ ಕರ್ನಲ್‌ಗೆ ಆ ಗಂಟು ತಿಳಿಯಲಿಲ್ಲ. ಇವನು ಕಟ್ಟಿದ ಕರ್ನಲ್‌ಗೆ ಕೊಂಡಿ ಇಲ್ಲ, ಹಳೆಯದಕ್ಕೆ ಭಾಷೆ ಬಾರದು. ಒಂದೇ ಕಾಲದ ಕರ್ನಲ್, ಟೂಲ್ ಎರಡೂ ಜೋಡಿಯಾಗಿರುವ ಹೊಸ ಲಿನಕ್ಸ್ ತರಿಸಿದರೆ ಮಾತ್ರ ಉಳಿಗಾಲ ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಸಂಜೆಯಾಗಿತ್ತು.

ಡೌನ್‌ಲೋಡ್ ಅರ್ಧಕ್ಕೆ ಬಂದಾಗ ಎಲ್ಲಿಯೋ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋಯಿತು. ಕತ್ತಲಲ್ಲಿ ಬೆಳ್ಳಮ್ಮ, ಮಗನ ಬೆರಳಿಗೆ ಎಂತಾದರೂ ನೋವಾಗಿದೆಯಾ ಎಂದು ಸೊಸೆಯನ್ನು ವಿಚಾರಿಸಿದರು. ಮರುದಿನ ದುರ್ಗೇಶ್ ಡ್ಯೂಟಿಗೂ ರಜೆ ಹಾಕಿ, ಪಟ್ಟು ಬಿಡದೆ ಮತ್ತೆ ಮೊದಲಿನಿಂದ ಇಳಿಸಿ, ಹೊಸ ಪೆನ್‌ಡ್ರೈವ್ ಮಾಡಿ ಸಿಕ್ಕಿಸಿದ.

ಎರಡು ಡಿಸ್ಕೂ ಒಂದನ್ನೊಂದು ಗುರುತು ಹಿಡಿದವು. ವಾಲ್ಯೂಮ್ ಎದ್ದಿತು. ಗುತ್ಯಜ್ಜಿಯ ಗೋಡೆ ಕೆಂಪಗೆ ಪರದೆ ತುಂಬಿ ನಿಂತಾಗ ದೀಪಶ್ರೀ ನೆಲಕ್ಕೇ ಕೂತುಬಿಟ್ಟಳು. 'ನೋಡಿದ್ಯಾ' ಎಂದು ಎದೆಯುಬ್ಬಿಸಿ ಹೇಳಲು ಅವನು ಬೆಳಗಿನಿಂದ ಕಾದಿದ್ದ. ಅವಳ ಮುಖ ನೋಡಿದವನು ಅದನ್ನು ಬಿಟ್ಟು, ಯಾರೂ ಹೇಳದೆ ತಾನೇ ಪೇಟೆಗೆ ಹೋಗಿ ಬೇರೆ ಡಿಸ್ಕ್ ತಂದು ಎಲ್ಲವನ್ನೂ ನಕಲು ಮಾಡಿಕೊಟ್ಟ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಧೈರ್ಯ ವಾಪಸ್ ಬಂದು, ಆದದ್ದು ತಪ್ಪಲ್ಲ, ತಾನು ಬೇಕೆಂದೇ ಇಟ್ಟ ಪರೀಕ್ಷೆ ಎಂದ. ದೀಪಶ್ರೀ ನಕಲಿನ ಡಿಸ್ಕನ್ನು ಗಾಡ್ರೇಜಿನೊಳಗೆ ಇಟ್ಟು ಬೀಗ ಹಾಕಿಕೊಂಡಳು.

ಭಾನುವಾರ ಸಾಗರದ ಸಭಾಂಗಣ ತುಂಬಿತ್ತು. ದೀಪಶ್ರೀ ಡಿಸ್ಕಿನ ಫೋಟೋಗಳ ಜೊತೆ ಮೊನ್ನೆ ಮೊನ್ನೆ ತನ್ನ ಮೊಬೈಲಿನಲ್ಲಿ ತೆಗೆದವನ್ನೂ ಪ್ರಿಂಟ್ ಅಂಗಡಿಗೆ ಕಳಿಸಿದ್ದಳು. ಅವರು ಎಲ್ಲವನ್ನೂ ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿ, ಬೆಳಿಗ್ಗೆಯೇ ತೂಗುಹಾಕಿದ್ದರು. ಉದ್ಘಾಟನೆಗೆ ಬಂದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಹೂವಯ್ಯನವರು ನೋಡುತ್ತಾ ನೋಡುತ್ತಾ ಒಂದು ಚಿತ್ರದ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ಕಪ್ಪು ನೆಲ. ಅದರ ಮೇಲೆ ಒತ್ತೊತ್ತಾಗಿ, ನಡುಗುವ ಬಿಳಿ ಎಳೆಗಳು. ಬೇರೆ ಎಲ್ಲ ಕೆಂಪಾಗಿರುವಾಗ ಇದೊಂದು ಕಪ್ಪು ನೆಲದ ಚಿತ್ತಾರ ಅಪರೂಪವೆಂದು ಸುತ್ತ ನಿಂತವರಿಗೆ ವಿವರಿಸತೊಡಗಿದರು.

ದೀಪಶ್ರೀಗೆ ಕಂಡೊಡನೆ ತಿಳಿಯಿತು. ಬುಧವಾರ ಯಾರನ್ನಾದರೂ ಆನ್‌ಲೈನಿನಲ್ಲಿ ಕೇಳೋಣ ಎಂದು ದುರ್ಗೇಶ್ ಅವಳದೇ ಮೊಬೈಲಿನಲ್ಲಿ ಆ ಕಪ್ಪು ಪರದೆಯ ಫೋಟೋ ಹೊಡೆದಿದ್ದ. ಕೈ ನಡುಗಿ ಅಕ್ಷರವೆಲ್ಲ ಕದಡಿ ಎಳೆ ಎಳೆಯಾಗಿದ್ದವು. ತೆಗೆಸಿಬಿಡೋಣ ಎಂದು ಅವಳು ಗಂಡನ ಕಿವಿಯಲ್ಲಿ ಹೇಳಿದಳು.

"ಎಂತಕ್ಕೆ ತೆಗೆಸೋದು? ಇರ್ಲಿ," ಎಂದ ದುರ್ಗೇಶ್, ಎದೆ ಮುಂದೆ ಮಾಡಿ. "ಮೇಷ್ಟ್ರಿಗೇ ಹಿಡಿಸಿದೆ."

ಅಷ್ಟರಲ್ಲಿ ಹೂವಯ್ಯನವರು ಬೆಳ್ಳಮ್ಮನನ್ನು ಹತ್ತಿರ ಕರೆದು, ಇದು ಯಾವ ಊರಿನ ಗೋಡೆ, ಬಿಡಿಸಿದ ಕೈ ಯಾರದು ಎಂದು ಕೇಳಿದರು.

ಬೆಳ್ಳಮ್ಮ ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು.

"ನಮ್ಮನೇದೇ. ನನ್ನ ಮಗ ಬಿಡಿಸಿದ್ದು," ಎಂದರು. "ಬಿಡಿಸೋಕೆ ಅವನೊಬ್ಬ ಸಾಕಾದ. ಅದನ್ನ ಅಳಿಸೋ ಹೊತ್ತಿಗೆ ನಮಗೆಲ್ಲ ಸಾಕಾಯ್ತು."