ಒಂದು ನಾಟಕ, ಎರಡು ತಿದ್ದುಪಡಿ

ಕೊನೆಯ ದೃಶ್ಯಕ್ಕೆ ಬರುವಾಗ ವಾರಿಜಾಕ್ಷಿಯ ಬೆರಳು ಟೈಪ್‌ರೈಟರಿನ ಮೇಲೆ ಹಾಗೆಯೇ ನಿಂತಿತು. ಪುತ್ತೂರಿಗೆ ಆಗಿನ್ನೂ ಜೆರಾಕ್ಸ್ ಬಂದಿರಲಿಲ್ಲ. ಮಹಿಳಾ ಸಮಾಜದ ನಾಟಕವನ್ನು ಕಾರ್ಬನ್ ಇಟ್ಟು ಎರಡು ಪ್ರತಿ ತೆಗೆದು, ಅಧ್ಯಕ್ಷೆ ಪೂವಮ್ಮನಿಗೊಂದು, ಕಾರ್ಯದರ್ಶಿ ಅಮ್ಮು ಟೀಚರಿಗೊಂದು ಕೊಟ್ಟು, "ತಪ್ಪಿದ್ದರೆ ತಿದ್ದಿ" ಎಂದವಳು ಅವಳೇ. ಇಬ್ಬರೂ ಹಿತ್ತಿಲಿನ ಕಾಡು ಸವರಿದ ಹಾಗೆ ತಿದ್ದಿದ್ದರು.

ಈಗ ಎರಡನ್ನೂ ಸೇರಿಸಿ ಒಂದು ಪ್ರತಿ ಮಾಡಬೇಕಿತ್ತು. ಬೇರೆ ಬೇರೆ ಕಡೆ ತಿದ್ದಿದ್ದನ್ನು ಸೇರಿಸುವುದು ಕಷ್ಟವಾಗಲಿಲ್ಲ. ಇಲ್ಲಿ ಮಾತ್ರ ಇಬ್ಬರೂ ಒಂದೇ ಸಾಲಿಗೆ ಕೈಯಿಕ್ಕಿದ್ದರು. 'ಸೊಸೆ ಅತ್ತೆಯ ಕಾಲಿಗೆ ಬೀಳುತ್ತಾಳೆ' ಎಂದು ಅತ್ತೆಯ ಪಾತ್ರದ ಪೂವಮ್ಮ. 'ಅತ್ತೆಯೇ ಸೊಸೆಯ ಕಾಲಿಗೆ ಬೀಳುತ್ತಾಳೆ' ಎಂದು ಸೊಸೆಯ ಪಾತ್ರದ ಟೀಚರ್.

ಟೈಪಿಂಗ್ ಕೋಣೆ ಪೂವಮ್ಮನ ಕಟ್ಟಡದ್ದು. ಶಾಲೆಯ ಪ್ರಶ್ನೆಪತ್ರಿಕೆ ಟೈಪಿಗೆ ಬರುವುದು ಟೀಚರ ಕೈಯಿಂದ. ಒಬ್ಬರು ಮುನಿದರೆ ಕೋಣೆ ಇಲ್ಲ, ಇನ್ನೊಬ್ಬರು ಮುನಿದರೆ ಕೆಲಸ ಇಲ್ಲ. ಸಂಜೆಗೇ ಅಭ್ಯಾಸ.

ಪಕ್ಕದ ಸೈಕಲ್ ಅಂಗಡಿಯ ಕಿಟ್ಟಣ್ಣ ಇಣುಕಿದ. "ಎಂತ ವಾರಿಜಕ್ಕ, ಮಿಷನ್ ಹಾಳಾಯ್ತಾ?" ವಿಷಯ ಕೇಳಿ ನಕ್ಕ. "ಇದಕ್ಕೆಂತ ತಲೆಬಿಸಿ? ಅತ್ತೆಯನ್ನು ಕೊಂದುಬಿಡಿ. ಸತ್ತವರ ಕಾಲಿಗೆ ಬೀಳುದರಲ್ಲಿ ಯಾರಿಗೂ ಮರ್ಯಾದೆ ಹೋಗುದಿಲ್ಲ."

"ಅತ್ತೆ ಅಂದ್ರೆ ಪೂವಮ್ಮಕ್ಕ, ಮಾರಾಯ."

"ಅಯ್ಯೋ, ನನ್ನ ಅಂಗಡಿಯೂ ಅವರದ್ದೇ! ನಾನು ಎಂತದೂ ಹೇಳಲಿಲ್ಲ ಆಯ್ತಾ?"

ಹೇಳಲಿಲ್ಲ ಎಂದವನು ಊರಿಗೆಲ್ಲ ಹೇಳಿದ. ಮಧ್ಯಾಹ್ನಕ್ಕೆ ಪೂವಮ್ಮನ ಮನೆಯಿಂದ ಹಲಸಿನ ಹಣ್ಣು ಬಂತು, ಜೊತೆಗೊಂದು ಚೀಟಿ: 'ನನ್ನದೇ ಇರಲಿ.' ಹಿಂದೆಯೇ ಟೀಚರ ಮನೆಯಿಂದ ಪತ್ರೊಡೆ ಬಂತು, ಅದರ ಜೊತೆಗೂ ಚೀಟಿ: 'ನನ್ನದೇ ಇರಲಿ.' ವಾರಿಜಾಕ್ಷಿ ಹಸಿದಿದ್ದಳು. ಎರಡನ್ನೂ ತಿಂದಳು. ಒಂದೇ ಹೊಟ್ಟೆಯಲ್ಲಿ ಎರಡೂ ಜಗಳವಿಲ್ಲದೆ ಕೂತವು.

ಅವಳ ಮನೆಯಲ್ಲಿ ಅತ್ತೆಯೂ ಬಾಗಿದವರಲ್ಲ, ಅವಳೂ ಬಾಗಿದವಳಲ್ಲ. ಎರಡು ಒನಕೆಗಳ ಹಾಗೆ ನೆಟ್ಟಗೆ ನಿಂತು ಒಂದೇ ಒಲೆಯಲ್ಲಿ ಬೇಯಿಸುತ್ತ ಬಂದವರು. ಹಾಳೆಯನ್ನು ನೇರ ಮಾಡಿಕೊಂಡು ಟೈಪ್ ಮಾಡಿದಳು: 'ಇಬ್ಬರೂ ಒಟ್ಟಿಗೇ ಒಬ್ಬರ ಕಾಲಿಗೊಬ್ಬರು ಬಾಗುತ್ತಾರೆ.'

ಸಂಜೆಯ ಅಭ್ಯಾಸದಲ್ಲಿ ಪೂವಮ್ಮ, ಟೀಚರ್ ಇಬ್ಬರೂ ಒಟ್ಟಿಗೇ ಬಾಗಿದರು.

ಢಕ್! ತೆಂಗಿನಕಾಯಿಗೆ ತೆಂಗಿನಕಾಯಿ ಬಡಿದ ಸದ್ದು. ಕೋಣೆಯೂ ಹೋಯಿತು, ಕೆಲಸವೂ ಹೋಯಿತು ಎಂದು ವಾರಿಜಾಕ್ಷಿ ಕಣ್ಣು ಮುಚ್ಚಿಕೊಂಡಳು.

"ಟೀಚರೇ, ಅದು ತಲೆಯಾ, ಕಡೆಯುವ ಕಲ್ಲಾ?"

"ನಿಮ್ಮದೆಂತ ಹೂವಿನ ಬುಟ್ಟಿಯಾ, ಪೂವಮ್ಮಕ್ಕ?"

ಹಣೆ ಉಜ್ಜುತ್ತಲೇ ಇಬ್ಬರೂ ನಕ್ಕರು. ನಗು ಹಬ್ಬಿ, ನೋಡುತ್ತಿದ್ದ ಸಮಾಜದ ಕಮಿಟಿಯವರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ವಾರಿಜಾಕ್ಷಿ ಮೆಲ್ಲಗೆ ಕಣ್ಣು ತೆರೆದಳು.

"ಇದೇ ಇರಲಿ. ಬರುವ ವರ್ಷದ್ದೂ ನೀನೇ ಸೇರಿಸಿ ಕೊಡು," ಎಂದರು ಪೂವಮ್ಮ.

"ನಾವು ತಿದ್ದಿ ಕೊಡ್ತೇವೆ," ಎಂದರು ಟೀಚರ್.

"ಹಾಗಾದ್ರೆ ನಮಗೂ ಒಂದೊಂದು ಪ್ರತಿ ಬೇಕು. ನಾವೂ ತಿದ್ದುತ್ತೇವೆ!" ಕಮಿಟಿಯ ಅಷ್ಟೂ ಕೈಗಳು ಮೇಲೆದ್ದವು.

"ಆಯ್ತು," ಎಂದಳು ವಾರಿಜಾಕ್ಷಿ.

ಮನೆಗೆ ಬಂದರೆ ಅತ್ತೆ ಬಚ್ಚಲೊಲೆಯ ಹಸಿ ಸೌದೆಯೊಡನೆ ಗುದ್ದಾಡುತ್ತಿದ್ದರು. "ಒಂದು ತುಂಡು ಕಾಗದ ಉಂಟಾ?"

ಅವಳು ಚೀಲದಿಂದ ಕಾರ್ಬನ್ ಹಾಳೆಯ ಕಟ್ಟನ್ನು ತೆಗೆದು ಇಡಿಯಾಗಿ ಒಲೆಗೆ ತುರುಕಿದಳು. ಬರುವ ವರ್ಷ ಒಂದೇ ಪ್ರತಿ. ಒಬ್ಬರು ತಿದ್ದಿ ಮುಗಿಸಿದ ಮೇಲೆ ಇನ್ನೊಬ್ಬರಿಗೆ.

ಊದಲೆಂದು ಅತ್ತೆ ಬಾಗಿದರು. ವಾರಿಜಾಕ್ಷಿಯೂ ಬಾಗಿದಳು, ತಲೆಯನ್ನು ಮಾತ್ರ ಸ್ವಲ್ಪ ಈಚೆಗೆ ಇಟ್ಟುಕೊಂಡು.