ಬಸ್ಸಿನಲ್ಲಿ ಓಡಾಡಿದ ಕಾರಿನ ಗಾಲಿಗಳು

ನಮ್ಮ ಮಾಮಾನ ಕಾರಿನ ಗಾಲಿಗಳು ಕಾರಿನ ಕೆಳಗೆ ಓಡಿದ್ದಕ್ಕಿಂತ ಬಸ್ಸಿನ ಸೀಟಿನ ಕೆಳಗೆ ಓಡಾಡಿದ್ದೇ ಹೆಚ್ಚು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಆ ಗಾಲಿಗಳ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಎರಡು ವರ್ಷ ಪಿಯುಸಿ ಓದಿದ ನನಗೇ ಅದು ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಮಾಮಾ ಎಂದರೆ ನನ್ನ ಅವ್ವನ ತಮ್ಮ; ಓದಲು ನಾನು ಅವನ ಮನೆಯಲ್ಲೇ ಇದ್ದೆ. ಬಸವಕಲ್ಯಾಣದ ಬಜಾರಿನಲ್ಲಿ ಅವನದೊಂದು ಕಿರಾಣಿ ಅಂಗಡಿ. ಮನುಷ್ಯ ಬಂಗಾರ, ಆದರೆ ಎರಡು ವಸ್ತು ಎದುರಿಗಿಟ್ಟರೆ ಮುಗಿಯಿತು! ಹೋಟೆಲಿನಲ್ಲಿ ಮಂಡಕ್ಕಿ ಸುಸಲಾ ಹೇಳುತ್ತಿದ್ದ. ಮಾಣಿ ಒಳಗೆ ಹೋಗುವಷ್ಟರಲ್ಲಿ "ತಮ್ಮಾ, ಪೂರಿನೇ ತಾ" ಎನ್ನುತ್ತಿದ್ದ. ಪೂರಿ ಎಣ್ಣೆಗೆ ಬೀಳುವ ಹೊತ್ತಿಗೆ "ಸುಸಲಾ ಮುಗಿದಿಲ್ಲಲ್ಲ?" ಎಂದು ವಿಚಾರಿಸುತ್ತಿದ್ದ. ಕೊನೆಗೆ ಬರೀ ಚಹಾ ಕುಡಿದು ಎದ್ದು ಬರುತ್ತಿದ್ದ. ಗಿರಾಕಿಗಳು ಯಾವ ತೊಗರಿಬೇಳೆ ಚೊಲೋ ಎಂದು ಕೇಳಿದರೆ ಎರಡೂ ಬೇಳೆಯ ಗುಣ, ಎರಡರ ದೋಷ ಎಲ್ಲ ಬಿಡಿಸಿ ಹೇಳಿ ಅವರನ್ನು ಎಷ್ಟು ಗೊಂದಲಕ್ಕೆ ಕೆಡವುತ್ತಿದ್ದನೆಂದರೆ, ಪಾಪ, ಅವರು ಕಡ್ಡಿಪೆಟ್ಟಿಗೆ ಒಂದನ್ನು ತೆಗೆದುಕೊಂಡು ಹೊರಟುಹೋಗುತ್ತಿದ್ದರು.

"ನಿಮ್ಮ ಮದುವೆ ಹ್ಯಾಂಗ ಆಯ್ತು ಮಾಮಿ?" ಎಂದು ನಾನೊಮ್ಮೆ ಮಾಮಿಯನ್ನು ಕೇಳಿದ್ದೆ.

"ನನ್ನ ನೋಡಾಕ ಬಂದಾಗ ಇವರಪ್ಪ ಹೂಂ ಅಂದ್ರು, ಮದುವಿ ಆಗಿಬಿಡ್ತು. ಇವರು ಇನ್ನಾ ವಿಚಾರ ಮಾಡಾಕತ್ತಾರ," ಎಂದಳು ಮಾಮಿ.

ಮಾಮಿಯ ತವರು ಹುಮನಾಬಾದ. ಅವಳಪ್ಪನದು ಅಲ್ಲಿ ಭಾಂಡೆ, ಅಂದರೆ ಪಾತ್ರೆಗಳ, ಅಂಗಡಿ. ನಾವೆಲ್ಲ ಅವನನ್ನು ಹುಮನಾಬಾದದ ಅಜ್ಜ ಎನ್ನುತ್ತಿದ್ದೆವು. ಮಗಳ ಮದುವೆಯಾದ ದಿನ ಅವಳನ್ನು ಗಂಡನ ಮನೆಗೆ ಬಸ್ಸಿನಲ್ಲಿ ಕಳಿಸಬೇಕಾಯಿತು. ಬಸ್ಸು ತುಂಬಿ ತುಳುಕುತ್ತಿತ್ತು. ಮಾಮಿ ಬಾಸಿಂಗ ಕಟ್ಟಿಕೊಂಡೇ ಬಸವಕಲ್ಯಾಣದವರೆಗೂ ನಿಂತು ಬಂದಳಂತೆ. ಅದು ಅಜ್ಜನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. "ಒಮ್ಮೆ ನನ್ನ ಮಗಳು ಕಾರಿನ್ಯಾಗ ಬಂದು ನಮ್ಮ ಬಾಗಲಾ ಮುಂದ ಇಳಿಯೋದು ಈ ಕಣ್ಣಲೇ ನೋಡ್ಬೇಕು," ಎಂದು ಹೋದಾಗಲೆಲ್ಲ ಹೇಳುತ್ತಿದ್ದ. ಅವನಿಗಿದ್ದ ಆಸೆ ಅದೊಂದೇ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಮಾಮಾ ಹೈದರಾಬಾದಿನಿಂದ ಒಂದು ಬಿಳಿ ಕಾರು ತಂದುಬಿಟ್ಟ! ಮೂರು ಕೈ ದಾಟಿ ಬಂದದ್ದು. ಹಿಂದಿನ ಮಾಲೀಕ ಶೋಕಿಲಾಲ ಇದ್ದಿರಬೇಕು, ದುಬೈಯಿಂದ ತರಿಸಿದ ಅಲ್ಯೂಮಿನಿಯಂ ಗಾಲಿ ಹಾಕಿಸಿದ್ದ. ಮಾಮಿ ಅಂದೇ ಹೊಸ ಸೀರೆ ತೆಗೆದಿಟ್ಟಳು. "ನಾಳಿಗೇ ಹೋಗೋಣು," ಎಂದಳು. ಮಾಮಾ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಗಾಲಿ ಮಸುಕಾಗಿತ್ತು.

"ಜೀವನಾ ಪೂರ್ತಿ ಅಲ್ಯೂಮಿನಿಯಂ ಡಬರಿ ಮಾರಿದ ಮನುಷ್ಯಾ ಅದಾನ ನಿಮ್ಮಪ್ಪ. ಅವನ ಮುಂದ ಇಂಥಾ ಮಬ್ಬ ಗಾಲಿ ಒಯ್ದು ನಿಲ್ಲಸ್ಲೇನು? ಹೊಳೆಯಂಗ ಮಾಡಿಸಿ ಹೋಗೋಣು. ಎಂಟು ದಿನದ ಕೆಲಸ."

ಎಂಟು ದಿನ! ಆ ಎಂಟು ದಿನ ಮುಗಿಯಲು ಆರು ವರ್ಷ ಹಿಡಿಯಿತು.

ನಮ್ಮೂರ ಹೊರಗೆ, ಹೆದ್ದಾರಿಯ ಕಡೆ ಹೋದರೆ ಲಾರಿ ಕಟ್ಟುವವರ ಸಾಲುಸಾಲು ಗ್ಯಾರೇಜುಗಳು. ಅಲ್ಲಿನ ಒಬ್ಬ ಮುದಿ ಮಿಸ್ತ್ರಿ ಗಾಲಿಯನ್ನು ತಿರುಗಿಸಿ ನೋಡಿ, "ಪಾಲಿಶ್ ಮಾಡಸ್ರಿ. ಗಾಲಿ ತನ್ನ ಮೈಯಾಗಿಂದ ತಾನೇ ಹೊಳೀತದ. ಖರೇ, ವಾರಕ್ಕೊಮ್ಮೆ ತಿಕ್ಕಬೇಕು, ಇಲ್ಲಂದ್ರ ಮತ್ತ ಮಬ್ಬ ಆಗ್ತದ," ಎಂದ. ಮಾಮಾ ಒಪ್ಪಿದ. ಒಪ್ಪಿದವನು ಸುಮ್ಮನೆ ಮಾಡಿಸಬೇಕೋ ಬೇಡವೋ? ಇನ್ನೊಂದು ಮಾತು ಕೇಳಿಬಿಡೋಣ ಎಂದು ಹೈದರಾಬಾದಿಗೆ ಹೋದ. ಅಲ್ಲಿ ಕ್ರೋಮ್ ಹಾಕುವವನೊಬ್ಬ, "ಪಾಲಿಶ್ ಚಾರ್ ದಿನ್ ಕಾ, ಸಾಬ್! ಕ್ರೋಮ್ ಹಾಕಸ್ರಿ, ಮುಖ ನೋಡಿ ದಾಡಿ ಮಾಡ್ಕೋಬಹುದು," ಎಂದ. ಮಾಮಾ ಅದಕ್ಕೂ ಒಪ್ಪಿದ. ವಾಪಸು ಬಂದು ಮಿಸ್ತ್ರಿಗೆ ಹೇಳಿದರೆ ಅವನು ನಕ್ಕ. "ಕ್ರೋಮ್ ಅಂದ್ರ ಮ್ಯಾಲಿನ ಅಂಗಿ ಇದ್ದಂಗ. ಒಮ್ಮೆ ಎಲ್ಲೆರೆ ಸುಲಿತಂದ್ರ ಸುಲಕೋತ ಹೋಗ್ತದ. ಆಮ್ಯಾಲ ಅಳತೀರಿ."

ಮಾಮಾ ಮತ್ತೆ ಹೈದರಾಬಾದಿಗೆ ಹೋದ. ಈ ಸಲ ತಿಳಿದು ಬಂದ ಸಂಗತಿ ಅವನ ನಿದ್ದೆಯನ್ನೇ ಕೆಡಿಸಿತು. ಕ್ರೋಮ್ ಹಾಕುವ ಮೊದಲು ಗಾಲಿಯನ್ನು ಪಾಲಿಶ್ ಮಾಡಲೇಬೇಕಂತೆ!

"ನೀನೇ ಹೇಳು," ಎಂದು ಫಿಸಿಕ್ಸ್ ಓದುತ್ತಿದ್ದ ನನ್ನನ್ನು ಹಿಡಿದ. "ಪಾಲಿಶ್ ಮಾಡಿದ ಮ್ಯಾಲ ಅದು ಹೊಳೀತದಲ್ಲ? ಹೊಳಿಯಾಕತ್ತಿದ್ದನ್ನ ಮುಚ್ಚಿ ಅದರ ಮ್ಯಾಲ ಮತ್ತೊಂದು ಹೊಳಪ ಯಾಕ ಹಾಕ್ತಾರ? ಹಂಗಂದ್ರ ಒಳಗಿನ ಹೊಳಪ ಸುಳ್ಳೋ, ಮ್ಯಾಲಿಂದು ಸುಳ್ಳೋ?"

ನನಗೇನು ಗೊತ್ತು? ವಿಜ್ಞಾನದ ಹುಡುಗಿ ಎಂಬ ಗತ್ತಿಗೆ "ಕ್ರೋಮೇ ಚೊಲೋ ಅನಸ್ತದ" ಎಂದೆ. ಅವನ ಮುಖ ಅರಳಿತು. ತಕ್ಷಣ ಹೆದರಿ "ಪಾಲಿಶೂ ಕೆಟ್ಟದ್ದೇನಲ್ಲ" ಎಂದೆ. ಆ ಎರಡನೇ ಮಾತನ್ನು ನಾನು ಆಡಬಾರದಿತ್ತು.

ಈ ನಡುವೆ ಕಾರು ಅಂಗಳದಲ್ಲಿ ನಾಲ್ಕು ಕಲ್ಲುಗಳ ಮೇಲೆ ಕುಳಿತಿತ್ತು. ಟೈರು ಬಿಚ್ಚಿದ ಗಾಲಿಗಳು ನನ್ನ ಕೋಣೆಯ ಮಂಚದ ಮೇಲೆ, ಹಳೆಯ ಶಾಲು ಹೊದ್ದು ಮಲಗಿದ್ದವು. ನಾನು ಕೆಳಗೆ, ಚಾಪೆಯ ಮೇಲೆ! ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಅವು ದೇವರ ಕೋಣೆಗೆ ಹೋಗಿ ವಿಭೂತಿ ಹಚ್ಚಿಸಿಕೊಂಡು ಬಂದವು. ಬೇಸಿಗೆಯಲ್ಲಿ ಮಾಮಿ ಸಿಟ್ಟಿಗೆದ್ದು ಅವುಗಳ ಮೇಲೆ ಬಟ್ಟೆ ಹಾಸಿ ಶಾವಿಗೆ ಒಣಗಿಸಿದಳು. "ಹೊಳೀವಲ್ಲವು, ಓಡವಲ್ಲವು. ಏನರೆ ಒಂದು ಕೆಲಸ ಮಾಡ್ಲಿ," ಎಂದಳು. ಕಬ್ಬಿಣದ ಗಾಲಿ ಹಾಕಿಕೊಂಡು ಹೋಗಿ ಬರೋಣವೆಂದರೆ ಮಾಮಾ ಸುತರಾಂ ಒಪ್ಪಲಿಲ್ಲ.

ಒಂದು ದಿನ ಮಾಮಾ ಯಾರ ಹಂಗೂ ಬೇಡವೆಂದು ತಾನೇ ಕಣಕ್ಕಿಳಿದ. ನಮ್ಮ ಕಡೆ ಭಾಂಡೆ ಹೊಳೆಯಬೇಕಾದರೆ ಬೂದಿಯಲ್ಲಿ ತಿಕ್ಕುತ್ತಾರಲ್ಲ? ಬೂದಿಗೆ ಬಟ್ಟೆ ಸೋಡಾ ಬೆರೆಸಿದರೆ ದುಪ್ಪಟ್ಟು ಹೊಳೆಯಬೇಕೆಂದು ಲೆಕ್ಕ ಹಾಕಿದ. ಮಾಮಿ ಬಜಾರಿಗೆ ಹೋದ ಸಮಯ ನೋಡಿ ನಾಲ್ಕೂ ಗಾಲಿಗಳನ್ನು ದೊಡ್ಡ ಹಂಡೆಯ ಬಿಸಿನೀರಿನಲ್ಲಿ ಬೂದಿ, ಸೋಡಾ ಸುರಿದು ನೆನೆಹಾಕಿದ. ನೀರು ಬುಸುಬುಸು ನೊರೆಯೆದ್ದಾಗ "ಕೊಳೆ ಬಿಡಾಕತ್ತದ!" ಎಂದು ಕುಣಿದ. ತೆಗೆದು ನೋಡಿದರೆ ಗಾಲಿಗಳು ರೊಟ್ಟಿ ಹಂಚಿನ ಹಾಗೆ ಕಪ್ಪಾಗಿದ್ದವು!

ಮಾಮಿ ಬಂದು ನೋಡಿ ಹಣೆ ಹಣೆ ಬಡಿದುಕೊಂಡಳು. "ಅಲ್ಯೂಮಿನಿಯಂಗ ಸೋಡಾ ಹಾಕ್ತಾರೇನ್ರಿ? ಭಾಂಡೆ ಅಂಗಡಿ ಮಗಳು ಮನಿಯಾಗೇ ಇದ್ದೀನಿ, ಒಂದ ಮಾತು ಕೇಳಬಾರದಾ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ," ಎಂದ ಮಾಮಾ. ಅಷ್ಟು ಪ್ರಾಮಾಣಿಕ ಮನುಷ್ಯನನ್ನು ಬೈಯುವುದಾದರೂ ಹೇಗೆ?

ಆಮೇಲೆ ಶುರುವಾಯಿತು ಗಾಲಿಗಳ ಬಸ್ ಪ್ರಯಾಣ. ಗೋಣಿಚೀಲದಲ್ಲಿ ತುಂಬಿಕೊಂಡು ಹೈದರಾಬಾದಿಗೆ ಹೋಗುವುದು, ಅಲ್ಲಿ ಮನಸ್ಸು ಬದಲಾಗಿ ಹಾಗೇ ವಾಪಸು ತರುವುದು. ಒಮ್ಮೆ ನಾನೂ ಜೊತೆಗಿದ್ದೆ. ಕಂಡಕ್ಟರ್ ಚೀಲವನ್ನು ಕಾಲಿನಿಂದ ಒತ್ತಿ, "ಏನದರಿ ಇದ್ರಾಗ?" ಎಂದು ಕೇಳಿದ.

"ಕಾರಿನ ಗಾಲಿ."

"ಕಾರ್ ಇದ್ದವರು ಬಸ್ಸಿಗ್ಯಾಕ ಬಂದ್ರಿ?"

"ಗಾಲಿ ಇಲ್ಲಲ್ರಿ ಕಾರಿಗೆ!"

ಕಂಡಕ್ಟರ್ ಚೀಲ ನೋಡಿದ, ಮಾಮಾನನ್ನು ನೋಡಿದ, ಏನೂ ಹೊಳೆಯದೆ ಸೀಟಿ ಊದಿದ. ಹೈದರಾಬಾದಿನ ಹಾದಿ ಹುಮನಾಬಾದದ ಮೇಲೆಯೇ ಹೋಗುತ್ತದೆ, ನೋಡಿ. ಬಸ್ಸು ಅಲ್ಲಿ ನಿಂತಾಗಲೆಲ್ಲ ಮಾಮಾ ಸೀಟಿನ ಕೆಳಗೆ ಏನೋ ಹುಡುಕುವವನಂತೆ ಬಗ್ಗಿಬಿಡುತ್ತಿದ್ದ, ಮಾವನ ಕಡೆಯವರು ಯಾರಾದರೂ ಕಂಡಾರೆಂದು! ಮನ್ನಾಏಖೇಳ್ಳಿ ಹತ್ತಿರ ಬಂದ ಮೇಲೆಯೇ ತಲೆಯೆತ್ತುತ್ತಿದ್ದ.

ಮಾಮಿ ಮಾತ್ರ ಎಂದಿನಂತೆ ಬಸ್ಸಿನಲ್ಲೇ ತವರಿಗೆ ಹೋಗಿ ಬರುತ್ತಿದ್ದಳು. ಅಜ್ಜ ಪ್ರತಿ ಸಲ ಅವಳ ಹಿಂದೆ ಇಣುಕಿ "ಕಾರ್ ಎಲ್ಲಿ?" ಎನ್ನುತ್ತಿದ್ದ. "ಗಾಲಿ ಹೊಳಸಾಕ ಕೊಟ್ಟಾರ ಅಪ್ಪಾ." "ಇನ್ನಾ ಹೊಳದಿಲ್ಲಾ?" ಎಂದು ಅಜ್ಜ ನಗುತ್ತಿದ್ದ. ಆ ನಗುವನ್ನು ಮಾಮಿ ಬಂದು ನಮಗೆ ಹೇಳುವಾಗ ತಾನು ನಗುತ್ತಿರಲಿಲ್ಲ.

ನಾನು ಡಿಗ್ರಿ ಮುಗಿಸಿ ಅದೇ ಊರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಅಜ್ಜನ ಕಣ್ಣುಗಳು ಮಂಜಾಗತೊಡಗಿದವು. ಒಂದು ಕಣ್ಣಿನ ಆಪರೇಷನ್ ಆಯಿತು, ಕೈಹತ್ತಲಿಲ್ಲ. ಇನ್ನೊಂದರಲ್ಲಿ ಅಷ್ಟಿಷ್ಟು ಕಾಣುತ್ತದೆ ಎಂದು ಮಾಮಿಯ ಅಣ್ಣ ಫೋನು ಮಾಡಿದ. ಮಾಮಿ ಗಂಡನ ಮುಂದೆ ನಿಂತಳು.

"ಪಾಲಿಶರೆ ಮಾಡಸ್ರಿ, ಕ್ರೋಮರೆ ಮಾಡಸ್ರಿ, ಇಲ್ಲಾ ಸಗಣಿ ಬಳೀರಿ! ನಮ್ಮಪ್ಪಗ ಕಣ್ಣು ಇರೋದ್ರಾಗ ನನ್ನ ಕರಕೊಂಡು ಹೋಗ್ರಿ."

 ಆ ಅವಸರದಲ್ಲಿ ಮಾಮಾ ತನ್ನ ಜೀವನದ ಅತಿ ದೊಡ್ಡ ನಿರ್ಧಾರ ತೆಗೆದುಕೊಂಡ. ಎರಡು ಗಾಲಿಗೆ ಹೈದರಾಬಾದಿನಲ್ಲಿ ಕ್ರೋಮ್! ಎರಡಕ್ಕೆ ನಮ್ಮೂರ ಮಿಸ್ತ್ರಿಯಿಂದ ಪಾಲಿಶ್! ಪಕ್ಕಪಕ್ಕದಲ್ಲಿಟ್ಟು ನೋಡಿ, ಚೊಲೋ ಕಂಡದ್ದನ್ನೇ ನಾಲ್ಕಕ್ಕೂ ಮಾಡಿಸುವುದು. ಕ್ರೋಮಿನ ಗಾಲಿ ಬರಲು ತಿಂಗಳು ಕಳೆಯಿತು. ಬಂದ ಮೇಲೆ ಅಂಗಳದಲ್ಲಿ ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ಬೆಳಗಿನ ಬಿಸಿಲಿನಲ್ಲಿ ನೋಡಿದ, ಸಂಜೆ ಬಿಸಿಲಿನಲ್ಲಿ ನೋಡಿದ, ಮೋಡ ಕವಿದಾಗ ನೋಡಿದ. ಹದಿನೈದು ದಿನ ನೋಡಿದ! ಆಗ ಮತ್ತೊಂದು ಫೋನು ಬಂತು. "ಜಲ್ದಿ ಬರ್ರಿ," ಎಂದಷ್ಟೇ ಹೇಳಿ ಮಾಮಿಯ ಅಣ್ಣ ಇಟ್ಟುಬಿಟ್ಟ.

ಎಡಗಡೆಗೆ ಕ್ರೋಮ್, ಬಲಗಡೆಗೆ ಪಾಲಿಶ್ ಹಾಕಿ ಹೊರಟೆವು. "ರಸ್ತೆ ಮ್ಯಾಗ ನಿಂತವರಿಗೆ ಒಂದ ಬಾಜು ಅಷ್ಟೇ ಕಾಣ್ತದ. ಯಾರಿಗೂ ಗೊತ್ತಾಗಲ್ಲ," ಎಂದು ಮಾಮಾ ಸಮಾಧಾನ ಹೇಳಿದ. ನಮಗಲ್ಲ, ತನಗೆ ತಾನೇ. ಮಾಮಿ ಆರು ವರ್ಷದಿಂದ ಮಡಿಚಿಟ್ಟಿದ್ದ ಸೀರೆ ಉಟ್ಟಿದ್ದಳು. ಹಾದಿಯಲ್ಲಿ ಧೂಳು ಹಾರಿದಾಗ ಮಾಮಾ ಎರಡು ಸಲ ಕಾರು ನಿಲ್ಲಿಸಿ ಗಾಲಿ ಒರೆಸಿದ. ಮೂರನೇ ಸಲ ನಿಲ್ಲಿಸಲು ಹೋದಾಗ ಮಾಮಿ ಅವನ ಕೈ ಹಿಡಿದು "ಬ್ಯಾಡ್ರಿ" ಎಂದಳು. ಅವನು ಆಮೇಲೆ ನಿಲ್ಲಿಸಲಿಲ್ಲ.

ಅಜ್ಜ ಮನೆಯ ಮುಂದೆ ಕುರ್ಚಿ ಹಾಕಿಸಿಕೊಂಡು, ರಸ್ತೆಯ ಕಡೆ ಮುಖ ಮಾಡಿ ಕುಳಿತಿದ್ದ. ಕಾರು ಅವನ ಎದುರಿಗೇ ನಿಂತಿತು. ಮಾಮಿ ಬಾಗಿಲು ತೆಗೆದು ಇಳಿದು "ಅಪ್ಪಾ" ಎಂದಳು. ಅಜ್ಜ ನಮ್ಮನ್ನು ನೋಡದೆ, ಯಾರೂ ಇಲ್ಲದ ರಸ್ತೆಯ ಆ ತುದಿಯನ್ನೇ ನೋಡುತ್ತ ಕೇಳಿದ:

"ಬಂತೇನು ಕಾರು?"

ಮಾಮಾ ಕಾರಿಗೆ ಆತು ನಿಂತುಬಿಟ್ಟ.  ಮಾಮಿ ಅಪ್ಪನನ್ನು ಕರೆತಂದು ಅವನ ಕೈಯನ್ನು ಕಾರಿನ ಮೇಲೆ ಇಟ್ಟಳು. ಅಜ್ಜ ಬಾನೆಟ್ಟು ಸವರಿದ, ಬಾಗಿಲು ಸವರಿದ, ಮೆಲ್ಲಗೆ ಬಗ್ಗಿ ಎಡಗಡೆಯ ಗಾಲಿ ಮುಟ್ಟಿದ. ಸುತ್ತು ಹಾಕಿ ಬಂದು ಬಲಗಡೆಯದನ್ನೂ ಮುಟ್ಟಿದ. ಮಾಮಾ ಕೊನೆಗೂ ಆ ಪ್ರಶ್ನೆ ಕೇಳಿದ.

"ಎರಡರಾಗ ಯಾವುದು ಚೊಲೋ ಅದರಿ, ಮಾವಾರ?"

"ಎರಡೂ ಬಿಸಿ ಅವ," ಎಂದ ಅಜ್ಜ. "ಬಿಸಲಾಗ ಬಂದೀರಿ. ಒಳಗ ಬರ್ರಿ, ನೀರು ಕುಡೀರಿ."

ಮಾಮಾ ಆ ಗಾಲಿಯ ಪಕ್ಕದಲ್ಲೇ ನೆಲಕ್ಕೆ ಕುಳಿತು, ಬೀದಿಯವರೆಲ್ಲ ನೋಡುತ್ತಿದ್ದರೂ ಬಿಕ್ಕಿ ಬಿಕ್ಕಿ ಅತ್ತ. "ತಡಾ ಮಾಡಿದ್ನಿರಿ. ಭಾಳ ತಡಾ ಮಾಡಿದ್ನಿ," ಎಂದ. ನನಗೂ ಅಳು ತಡೆಯಲಾಗಲಿಲ್ಲ. ಅಜ್ಜ ಅವನ ತಲೆಯನ್ನು ಹುಡುಕಿ ಕೈಯಿಟ್ಟ.

"ಅಳಬ್ಯಾಡೋ. ಬಾಗಲಾ ತೆಗೆದ ಸಪ್ಪಳ ಕೇಳ್ತು ನನಗ. ಬಸ್ಸಿಂದಲ್ಲ ಅಂತ ಗೊತ್ತಾಯ್ತು." ಆಮೇಲೆ ಸ್ವಲ್ಪ ನಾಚಿಕೊಂಡು ಮಗಳ ಕಡೆ ತಿರುಗಿದ. "ಇನ್ನೊಮ್ಮೆ ಹತ್ತಿ ಇಳೀತಿಯೇನವ್ವಾ?"

ಮಾಮಿ ಹತ್ತಿ ಕುಳಿತಳು. ಮಾಮಾ ಕಣ್ಣೊರೆಸಿಕೊಂಡು ಎದ್ದು ಬಾಗಿಲು ಹಾಕಿದ, ಮತ್ತೆ ತೆಗೆದ. ಅವಳು ಕಾಲುಂಗುರ ಕಲ್ಲಿಗೆ ತಾಗಿ ಸಪ್ಪಳವಾಗುವಂತೆ ಕಾಲೂರಿ ಇಳಿದಳು.

"ಹಾಂ," ಎಂದ ಅಜ್ಜ. "ಈಗ ಬಂದಿ ನೋಡು."