ಮಜ್ಜಿಗೆಯಲ್ಲಿ ಹಸಿ ಹುರುಳಿ

ಇಷ್ಟಲಿಂಗಕ್ಕೆ ನೀರೆರೆದು ವಿಭೂತಿ ಹಚ್ಚುವವರೆಗೆ ನಾನು ಕಾಫಿ ಮುಟ್ಟುವವಳಲ್ಲ. ಪೂಜೆ ಮುಗಿಸಿ ಶಿವನಿಗೆ ಮನೆಯ ಸುಖದುಃಖವನ್ನೆಲ್ಲ ಹೇಳುತ್ತೇನೆ. ಅವನೂ ಉತ್ತರ ಕೊಡುವುದಿಲ್ಲ. (ಆದರೆ ನಮ್ಮ ಯಜಮಾನರ ಹಾಗೆ ಮೊಬೈಲ್ ನೋಡುತ್ತಾ ಕೂರುವುದಿಲ್ಲ.)

ಯಜಮಾನರು ಶಿವಶಂಕರಪ್ಪನವರಿಗೆ ಸಕ್ಕರೆ ಕಾಯಿಲೆ. ಅವರಣ್ಣ ಅದರಲ್ಲೇ ತೀರಿಹೋದ ಮೇಲೆ ನನಗೆ ಒಂದೇ ಭಯ. ಭದ್ರಾವತಿಯಲ್ಲಿರುವ ಅಕ್ಕನ ಮಗಳು ಸ್ಫೂರ್ತಿ ಬೀಜಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಒಮ್ಮೆ ಅವಳು, "ಚಿಕ್ಕಮ್ಮ, ಹುರುಳಿಯಲ್ಲಿ ಒಂದು ಪ್ರೋಟೀನ್ ಇದೆ. ಅನ್ನಾನ ಸಕ್ಕರೆ ಮಾಡೋ ಎಂಜೈಮನ್ನೇ ತಡೆಯುತ್ತೆ. ಆಂಟಿಆಕ್ಸಿಡೆಂಟ್ ಗುಣ ಬೇರೆ. ಬೇಯಿಸಿದ್ರೆ ಹೋಗ್ಬಿಡುತ್ತೆ" ಎಂದಳು.

ಅಂಥ ಸಂಜೀವಿನಿಯನ್ನು ಹೋಗಲು ಬಿಡುವುದುಂಟೆ? ಹಸಿ ಹುರುಳಿಯನ್ನೇ ಪುಡಿಮಾಡಿ ಯಜಮಾನರ ಮಜ್ಜಿಗೆಗೆ ಗುಟ್ಟಾಗಿ ಬೆರೆಸತೊಡಗಿದೆ.

ವಾರದೊಳಗೆ ಅವರ ಹೊಟ್ಟೆ ನಗಾರಿಯಾಯಿತು. ಮೈ ನಿತ್ರಾಣವಾಯಿತು. ಪಾಪ, ಶಕ್ತಿ ಬರಲೆಂದು ಇನ್ನೊಂದು ಚಮಚ ಹೆಚ್ಚಿಸಿದೆ.

"ಕಾಶಿ, ನಂದು ಮುಗೀತು ಕಣೇ. ಅಣ್ಣನಿಗೂ ಹಿಂಗೇ ಶುರುವಾಗಿದ್ದು."

"ಬಿಡ್ತು ಅನ್ರೀ! ಡಾಕ್ಟ್ರ ಹತ್ರ ಹೋಗೋಣ ಬನ್ನಿ."

"ಅವರು ಹೇಳೋದನ್ನ ಕೇಳೋಕೆ ಧೈರ್ಯ ಇಲ್ಲ. ನೀನು ಮೊದ್ಲು ಸಿಲಿಂಡರ್ ಬದಲಾಯಿಸೋದು ಕಲ್ತ್ಕೋ."

ಅಂದಿನಿಂದ ಮೊಬೈಲ್ ಬದಿಗಿಟ್ಟು ಅಡುಗೆಮನೆಯ ಬಾಗಿಲಲ್ಲೇ ಕೂರತೊಡಗಿದರು. "ಮದುವೆಯಾದ ಹೊಸದ್ರಲ್ಲಿ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋಗಿದ್ವಲ್ಲ, ಸಿಂಹ ಮಲಗೇ ಇತ್ತು. ಆದ್ರೂ ನೀನು ಹೆದರಿ ನನ್ನ ಕೈ ಹಿಡ್ಕೊಂಡಿದ್ದೆ."

"ಹೆದರಿಕೆ ಅಲ್ಲ ರೀ, ನೆಪ."

ಅವರು ನಕ್ಕರು. ನಕ್ಕದ್ದಕ್ಕೆ ಹೊಟ್ಟೆ ಹಿಡಿದುಕೊಂಡರು. ನಾನು ಸೊಪ್ಪು ಸೋಸುತ್ತಾ ಕಣ್ಣೊರೆಸಿಕೊಂಡೆ. ಇಷ್ಟು ವರ್ಷ ಎಲ್ಲಿಟ್ಟಿದ್ದರೋ ಇಷ್ಟೊಂದು ಮಾತು!

ಕೊನೆಯದಾಗಿ ನೋಡಿಹೋಗು ಎಂದು ಅವರೇ ಫೋನ್ ಮಾಡಿದ್ದಕ್ಕೆ ಸ್ಫೂರ್ತಿ ಗಾಬರಿಯಿಂದ ಕೋಟೆ ರಸ್ತೆಯ ನಮ್ಮ ಮನೆಗೆ ಓಡಿಬಂದಳು. ಊಟಕ್ಕೆ ಏನೇನು ಕೊಡುತ್ತೀರಿ ಎಂದು ಕೇಳಿದಳು. ಹೇಳಿದೆ.

"ಹಸೀದಾ? ಅಯ್ಯೋ ಚಿಕ್ಕಮ್ಮ! ಅದು ಊಟ ಅರಗಿಸೋ ಎಂಜೈಮನ್ನೂ ತಡೆಯುತ್ತೆ. ಅದಕ್ಕೇ ಅಲ್ವಾ ಹುರುಳೀನ ಬೇಯಿಸಿ ತಿನ್ನೋದು!"

"ನನ್ನ ಕಳಿಸೋಕೇ ಹೊರಟಿದ್ಯಾ ಮಾರಾಯ್ತಿ!" ಯಜಮಾನರು ಹಾಸಿಗೆಯಿಂದ ಜಿಗಿದೆದ್ದರು. (ಸಾಯುವವರು ಅಷ್ಟು ಎತ್ತರ ಜಿಗಿಯುವುದನ್ನು ನಾನು ಕಂಡಿಲ್ಲ.)

ಪುಡಿ ನಿಂತಿತು, ಹೊಟ್ಟೆ ಇಳಿಯಿತು. ಮಾತೂ ನಿಂತಿತು. ಈಗ ಬಾಗಿಲಲ್ಲಿ ಯಾರೂ ಕೂರುವುದಿಲ್ಲ. ನಾನು ಕೊಟ್ಟದ್ದನ್ನೆಲ್ಲ ಮೂಸಿ ನೋಡಿಯೇ ಬಾಯಿಗಿಡುತ್ತಾರೆ.

ಮತ್ತೊಮ್ಮೆ ಬಂದಾಗ ಸ್ಫೂರ್ತಿ ಇದನ್ನೆಲ್ಲ ಗಮನಿಸಿದಳು. ಹೊರಡುವಾಗ ಮೆಲ್ಲಗೆ, "ಚಿಕ್ಕಮ್ಮ, ದಿನಾ ನಿಮ್ ಹತ್ರ ನಾಲ್ಕು ಮಾತಾಡಿ ಅಂತ ಚಿಕ್ಕಪ್ಪಂಗೆ ನಾನೇ ಹೇಳ್ಲಾ?" ಎಂದಳು.

"ಬೇಡ ಕಣಮ್ಮ," ಎಂದೆ. "ಈಗ ಎರಡು ತುತ್ತು ನೆಟ್ಟಗೆ ಉಣ್ತಿದಾರೆ. ಉಣ್ಲಿ ಬಿಡು."